ಕ್ಯಾಸೆಟ್ಟಿನಲ್ಲಿ ಇಲ್ಲದ ವಾಲಗ

ಆ ಸಂಗೀತ ನಿರ್ದೇಶಕರನ್ನು ನಾವು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ನಮ್ಮೋರು" ಅನ್ನುತ್ತಿದ್ದೆವು. ನಮ್ಮೋರ ಹೊಸ ಪಿಚ್ಚರ್ ಬರ್ತಾ ಅದಂತೆ, ನಮ್ಮೋರು ಈ ಸಲ ಎಂಟು ಹಾಡು ಮಾಡವ್ರಂತೆ, ನಮ್ಮೋರಿಗೆ ಜ್ವರ ಬಂದಿತ್ತಂತೆ. ಒಂದು ಸಂಜೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಅವ್ವನ ಪಕ್ಕ ನಿಂತು, "ಇನ್ನೊಂದು ತಿಂಗ್ಳು ಕಣವ್ವ, ನಮ್ಮೋರದು ಬಂದ್ಬುಡ್ತದೆ" ಎಂದು ಬಾಯಿ ಬಿಟ್ಟೆ. ಅವ್ವ ಕೆಚ್ಚಲಿನಿಂದ ಕೈ ತೆಗೆದಳು. "ಯಾರಮ್ಮಿ ಅವ್ನು?" ಅಂದಳು. ಅವರು ನನ್ನ ಮುಖವನ್ನೇ ನೋಡಿಲ್ಲ, ಮದರಾಸಿನಲ್ಲಿದ್ದಾರೆ, ಹೆಂಡತಿ ಮಕ್ಕಳಿದ್ದಾರೆ ಎಂದು ನಾನು ಸಮಾಧಾನ ಮಾಡಲು ಹೋಗಿದ್ದು ಇನ್ನೂ ಕೆಟ್ಟಿತು. ಅಪ್ಪ ಬಂದು, ವಿಷಯ ತಿಳಿದು, ನಗುವ ತನಕ ಹಸು ಅರ್ಧ ಕರೆದ ಕೆಚ್ಚಲಲ್ಲೇ ನಿಂತಿತ್ತು.

ನಾನಾಗ ಮೈಸೂರಿನಲ್ಲಿ ಎರಡನೇ ವರ್ಷದ ಬಿ.ಕಾಂ. ಓದುತ್ತಿದ್ದೆ. ತೊಂಬತ್ತರ ದಶಕದ ನಡುಭಾಗ, ಬೆಂಗಳೂರು ಮೈಸೂರು ನಡುವೆ ಬ್ರಾಡ್‌ಗೇಜಿನ ದೊಡ್ಡ ಹಳಿ ಬಿದ್ದ ಹೊಸದು. ಬೆಳಿಗ್ಗೆ ಪಾಂಡವಪುರ ಸ್ಟೇಷನ್ನಿನಲ್ಲಿ ಹತ್ತಿದರೆ ಸಂಜೆಯ ಪ್ಯಾಸೆಂಜರಿನಲ್ಲಿ ವಾಪಸು. ಎಂಜಿನ್ನಿನಿಂದ ಮೂರನೇ ಬೋಗಿ ಪಾಸಿನವರದು. ನಮ್ಮ ಜಾಗದಲ್ಲಿ ಯಾರಾದರೂ ಹೊಸಬರು ಕೂತಿದ್ದರೆ ನಾನು ಎದುರಿಗೆ ನಿಂತು ಸುಮ್ಮನೆ ನೋಡುತ್ತಿದ್ದೆ, ಅಷ್ಟಕ್ಕೇ ಎದ್ದುಬಿಡುತ್ತಿದ್ದರು. ಆ ನೋಟ ಈಗಲೂ ಇದೆ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ.

ಆ ಬೋಗಿಯಲ್ಲಿ ನಮ್ಮೋರ ಭಕ್ತರು ಹದಿನೈದು ಇಪ್ಪತ್ತು ಮಂದಿ ಇದ್ದರೂ ಪೀಠಾಧಿಪತಿಗಳು ಮೂವರೇ. ಒಬ್ಬರು ಬ್ಯಾಂಕಿನಣ್ಣ. ಮೈಸೂರಿನ ಬ್ಯಾಂಕೊಂದರಲ್ಲಿ ಗುಮಾಸ್ತರು, ದಿನವೂ ಊಟದ ಡಬ್ಬಿಯ ಜೊತೆಗೆ ಬ್ಯಾಟರಿ ಹಾಕುವ ಟೇಪ್ ರೆಕಾರ್ಡರನ್ನೂ ಹೊತ್ತು ತರುತ್ತಿದ್ದರು. ಇನ್ನೊಬ್ಬರು ಮೇಲುಕೋಟೆ ಮೇಷ್ಟ್ರು. ಮೈಸೂರಿನ ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದರು. ಮನೆತನವೆಲ್ಲ ದೇವಸ್ಥಾನದ್ದು, ಹಣೆಯ ಮೇಲೆ ನಾಮ, ಆದರೆ ನಮ್ಮೋರ ಹಾಡು ಬಂದರೆ ಸೀಟಿನ ಹಲಗೆಯ ಮೇಲೆ ತಾಳ ಹಾಕುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಮೂರನೆಯವಳು ನಾನು. ನನಗೆ ರಾಗ ಗೊತ್ತಿಲ್ಲ, ಟೇಪ್ ರೆಕಾರ್ಡರ್ ಇಲ್ಲ. ಬಾಯಿ ಇತ್ತು. ಎರಡು ಬೆರಳು ಮಡಚಿ ನಾಲಿಗೆಯ ಕೆಳಗಿಟ್ಟು ಶಿಳ್ಳೆ ಹೊಡೆದರೆ ಗಾರ್ಡು ಒಮ್ಮೆ ತಿರುಗಿ ನೋಡಬೇಕು, ಹಾಗೆ.

ಹೊಸ ಕ್ಯಾಸೆಟ್ಟು ಬರುವಾಗ ನಮ್ಮಲ್ಲಿ ಒಂದು ಕಟ್ಟುಪಾಡು ಇತ್ತು. ಬ್ಯಾಂಕಿನಣ್ಣ ಮಧ್ಯಾಹ್ನದ ಊಟ ಬಿಟ್ಟು ಅಂಗಡಿಗೆ ಓಡಿ ಅದನ್ನು ತಂದರೂ ಹಾಳೆ ಹರಿಯುವಂತಿಲ್ಲ. ಸಂಜೆಯ ಗಾಡಿ ಮೈಸೂರು ಬಿಟ್ಟು ಅಲುಗಿದ ಮೇಲೆಯೇ ಹರಿಯಬೇಕು. ಮೊದಲ ಸಲ ಹಾಕಿದಾಗ ಯಾರೂ ಪಿಟಕ್ಕೆನ್ನುವಂತಿಲ್ಲ. ಸೌತೆಕಾಯಿ ಮಾರುವವನೂ ನಮ್ಮ ಬೋಗಿಗೆ ಬಂದರೆ ಬುಟ್ಟಿ ಕೆಳಗಿಟ್ಟು ಕೂತುಬಿಡುತ್ತಿದ್ದ. ಎರಡನೇ ಸಲಕ್ಕೆ ಮಾತ್ರ ಹಾಡಬಹುದು, ಕುಣಿಯಬಹುದು, ಜಗಳವಾಡಬಹುದು. ಒಮ್ಮೆ ನಾನು ಭಕ್ತಿ ಹೆಚ್ಚಾಗಿ ಕ್ಯಾಸೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿದ್ದೆ. ಕುಂಕುಮ ಒಳಗೆ ಸೇರಿಕೊಂಡು ಮೂರನೇ ಹಾಡಿನ ಗಾಯಕಿಗೆ ನೆಗಡಿ ಬಂದಂತಾಯಿತು. ಬ್ಯಾಂಕಿನಣ್ಣ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು.

ನಾನು ಹೇಳುತ್ತಿರುವ ಆ ವರ್ಷ ನಮ್ಮೋರು ಎಂಟು ತಿಂಗಳಿಂದ ಒಂದು ಕ್ಯಾಸೆಟ್ಟೂ ಕೊಟ್ಟಿರಲಿಲ್ಲ. ನಮಗೆ ಹುಚ್ಚು ಹಿಡಿಯುವುದು ಬಾಕಿ. ಪತ್ರಿಕೆಯ ಸಿನಿಮಾ ಪುಟದಲ್ಲಿ ಎರಡು ಸಾಲು ಬಂದರೆ ಅದನ್ನು ಕತ್ತರಿಸಿ ತಂದು ಶ್ರೀರಂಗಪಟ್ಟಣದಿಂದ ಮೈಸೂರಿನವರೆಗೆ ವ್ಯಾಖ್ಯಾನ ಮಾಡುತ್ತಿದ್ದೆವು. ಅಂಥ ಒಂದು ಸಂಜೆ, ಬಾಗಿಲ ಬಳಿ ನೆಲದ ಮೇಲೆ ಬಟ್ಟೆಯ ಚೀಲ ತೊಡೆಗಿಟ್ಟುಕೊಂಡು ಕೂತಿದ್ದ ಒಬ್ಬರು ಮೆಲ್ಲಗೆ ಹೇಳಿದರು:

"ಆ ಪಿಚ್ಚರ್‌ಗೆ ನಾನೂ ಊದಿವ್ನಿ ಕಣವ್ವ."

ಅವರು ಶ್ರೀರಂಗಪಟ್ಟಣದವರು. ಅಣ್ಣ ತಮ್ಮ ಇಬ್ಬರದೂ ನಾದಸ್ವರ, ಮದುವೆಗಳಿಗೆ ವಾಲಗ ಊದುವುದು ಕಸುಬು. ಮುಹೂರ್ತವಿದ್ದ ದಿನಗಳಲ್ಲಿ ಮೈಸೂರಿನ ಛತ್ರಗಳಿಂದ ನಮ್ಮ ಗಾಡಿಯಲ್ಲೇ ಮರಳುತ್ತಿದ್ದರು. ಮಾತಾಡಿದವರು ತಮ್ಮ. ಅವರನ್ನು ನಾವು ವಾಲಗದಣ್ಣ ಎಂದು ಕರೆಯುತ್ತಿದ್ದೆವಾದರೂ, ಆ ದಿನದ ತನಕ ಸರಿಯಾಗಿ ಮಾತಾಡಿಸಿದ್ದು ನೆನಪಿಲ್ಲ. ಆ ದಿನ ಮಾತ್ರ ಬೋಗಿಗೆ ಬೋಗಿಯೇ ಅವರ ಮೇಲೆ ಬಿತ್ತು. ಅವರನ್ನು ಎಬ್ಬಿಸಿ ಕಿಟಕಿಯ ಪಕ್ಕ ಕೂರಿಸಿದೆವು. ನಮ್ಮೋರ ತಂಡದಲ್ಲಿ ಪಿಟೀಲು ನುಡಿಸುವವರೊಬ್ಬರು ಅಣ್ಣ ಬೇರೆ ಊರಿಗೆ ಹೋಗಿದ್ದ ದಿನ ಮೈಸೂರಿನ ಮದುವೆಯೊಂದರಲ್ಲಿ ಇವರ ವಾಲಗ ಕೇಳಿ, ನಮಗೆ ಈ ಸೀಮೆಯ ಮದುವೆಯ ಊದು ಬೇಕಾಗಿದೆ, ಈಗಲೇ ಹೊರಟು ಬಾ ಎಂದು ಕರೆದೊಯ್ದರಂತೆ. ಉಟ್ಟ ಬಟ್ಟೆಯಲ್ಲೇ ಬಸ್ಸು ಹತ್ತಿದರಂತೆ.

ಆಮೇಲೆ ನಾವು ಕೇಳಿದ ಪ್ರಶ್ನೆಗಳನ್ನು ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ. ನಮ್ಮೋರು ಯಾವ ಬಣ್ಣದ ಅಂಗಿ ಹಾಕಿದ್ದರು? ಕಾಫಿಯೋ ಟೀಯೋ? ನಗುತ್ತಾರಾ? ಕೋಪ ಬಂದರೆ ಬೈಯುತ್ತಾರಾ? ಬಿಳಿ ಅಂಗಿ, ಬಿಸಿನೀರು ಕುಡಿಯುತ್ತಾರೆ, ರೆಕಾರ್ಡಿಂಗ್ ಕೋಣೆಯಲ್ಲಿ ಬರಿಗಾಲಲ್ಲಿ ಓಡಾಡುತ್ತಾರೆ ಎಂದು ವಾಲಗದಣ್ಣ ಒಂದೊಂದಾಗಿ ಹೇಳಿದರು. ಬ್ಯಾಂಕಿನಣ್ಣ ಅದನ್ನೆಲ್ಲ ಬ್ಯಾಂಕಿನ ಚಲನ್ನಿನ ಹಿಂದೆ ಬರೆದುಕೊಂಡರು. ಬರಿಗಾಲು ಎಂಬುದಕ್ಕೆ ಎರಡು ಗೆರೆ ಎಳೆದರು. ಮಾರನೆಯ ದಿನ ನಮ್ಮಲ್ಲಿ ಇಬ್ಬರು ಫ್ಲಾಸ್ಕಿನಲ್ಲಿ ಬಿಸಿನೀರು ತಂದಿದ್ದರು.

ವಾಲಗದಣ್ಣನ ಸಂಕಟ ತಿಳಿದದ್ದು ಅದಾದ ಎರಡು ಮೂರು ದಿನಕ್ಕೆ. ಅವರು ಮದರಾಸಿಗೆ ಓಡಿದ ಮಾರನೆಯ ಬೆಳಿಗ್ಗೆಗೆ ಕೆ.ಆರ್. ಪೇಟೆಯಲ್ಲಿ ಒಂದು ಮದುವೆ ಮೊದಲೇ ಒಪ್ಪಿಕೊಂಡಿದ್ದರು. ಅಣ್ಣನಿಗೆ ಹೇಳಿ ಕಳಿಸಿದ್ದು ತಲುಪಲಿಲ್ಲ. ತಾಳಿ ಕಟ್ಟುವಾಗ ಗಟ್ಟಿಮೇಳ ಎಡೆಬಿಡದೆ ನಡೆಯಬೇಕು. ಸೀನು, ಅಪಶಬ್ದ ಯಾವುದೂ ಕಿವಿಗೆ ಬೀಳಬಾರದು ಎಂದೇ ಅದು ಇರುವುದು. ಇಬ್ಬರಿದ್ದರೆ ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಹಿಡಿದಿರುತ್ತಾರೆ. ಆ ದಿನ ಅಣ್ಣ ಒಬ್ಬರೇ. ವಯಸ್ಸಾದ ಎದೆ, ಎರಡನೇ ಗಂಟು ಹಾಕುವಾಗ ಉಸಿರು ಕಡಿದು ನಾದ ನಿಂತಿತು. ಸರಿಯಾಗಿ ಆಗಲೇ ಯಾರೋ ಸೀನಿದರು. ಹೆಣ್ಣಿನ ಕಡೆಯವರು ಅಂದು ಆಡಿದ ಮಾತನ್ನು ಅಣ್ಣ ಮನೆಗೆ ಬಂದು ಹೇಳಲಿಲ್ಲವಂತೆ. ತಮ್ಮ ಮರಳಿದ ದಿನ ಅವನ ನಾದಸ್ವರವನ್ನು ಎತ್ತಿ ಅಟ್ಟದ ಮೇಲಿಟ್ಟು, ಶ್ರುತಿ ಪೆಟ್ಟಿಗೆಯನ್ನು ಅವನ ಮುಂದೆ ಇಟ್ಟರಂತೆ.

"ಸಿನಿಮಾಕ್ಕೆ ಊದ್ದೆ ಅಂತೀನಿ, ನಮ್ಮಣ್ಣ ನಂಬಕಿಲ್ಲ ಕಣವ್ವ. ಎಲ್ಲೋ ತಿರುಗಕ್ ಓಗಿದ್ದೆ ಅಂತದೆ. ನನ್ ಕಿವೀಲಿ ಕೇಳಿದ್ ದಿನ ವಾದ್ಯ ಕೊಡ್ತೀನಿ, ಅಲ್ಲೀಗಂಟ ಪೆಟ್ಗೆ ಒತ್ತು ಅಂದದೆ" ಎಂದರು ವಾಲಗದಣ್ಣ.

ನಲವತ್ತು ದಾಟಿದ, ಹದಿನಾರು ವರ್ಷಕ್ಕೇ ಸಭೆಯಲ್ಲಿ ಊದಿದ್ದ ಮನುಷ್ಯ. ಮದುವೆ ಮನೆಯಲ್ಲಿ ಮೂಲೆಗೆ ಕೂತು ಪೆಟ್ಟಿಗೆ ಒತ್ತುವುದು, ಅಷ್ಟೇ ಕೆಲಸ. ನನಗೆ ಮೈಯೆಲ್ಲ ಉರಿಯಿತು. ಮರುದಿನ ಗಾಡಿ ಶ್ರೀರಂಗಪಟ್ಟಣದಲ್ಲಿ ನಿಂತಾಗ ನಾನು ಪ್ಲಾಟ್‌ಫಾರಂಗೆ ಹಾರಿ, ಡೋಲಿನವರ ಜೊತೆ ನಿಂತಿದ್ದ ಆ ಅಣ್ಣನವರ ಎದುರಿಗೆ ಹೋಗಿ ನಿಂತೆ. ಬಿಳಿ ಮೀಸೆ, ಕೆಂಪು ಅಂಚಿನ ಪಂಚೆ, ನನ್ನ ನೋಟಕ್ಕೆಲ್ಲ ಜಗ್ಗುವ ಆಸಾಮಿಯಲ್ಲ.

"ಕ್ಯಾಸೆಟ್ ಬಂದ್ ದಿನ ನಮ್ ಬೋಗಿಗೆ ಬನ್ನಿ. ನಿಮ್ ತಮ್ಮ ಊದಿರದ್ನ ನಿಮ್ ಕಿವೀಗೇ ಕೇಳುಸ್ತೀವಿ" ಎಂದೆ.

"ಕೇಳುಸು, ನೋಡವಾ" ಅಂದರು ಅವರು.

ಅಲ್ಲಿಂದ ನಮ್ಮ ಕಾಯುವಿಕೆಗೆ ರೆಕ್ಕೆ ಬಂತು. ಇಷ್ಟು ದಿನ ನಮ್ಮೋರ ಕ್ಯಾಸೆಟ್ಟು, ಈಗ ನಮ್ಮ ಬೋಗಿಯ ಮನುಷ್ಯನ ಕ್ಯಾಸೆಟ್ಟು. ನಾನು ಮೈಸೂರಿನಿಂದ ಮಂಡ್ಯದವರೆಗೆ ಟಾಂ ಟಾಂ ಹೊಡೆದೆ. ವಾಲಗ ಬರುವುದು ಎಷ್ಟನೇ ಹಾಡಿನಲ್ಲಿ ಎಂದು ಚೀಟಿ ಬರೆದು ಟಿಫಿನ್ ಡಬ್ಬಿಯಲ್ಲಿ ಹಾಕಿದೆವು. ಎರಡನೇ ಹಾಡು ಎಂದು ನಾನು ಬರೆದೆ. ಶಾಸ್ತ್ರ ಪ್ರಕಾರ ನಾದಸ್ವರ ಮೊದಲ ಹಾಡಿನಲ್ಲೇ ಬರಬೇಕು ಎಂದು ಮೇಷ್ಟ್ರು ಪಟ್ಟು ಹಿಡಿದರು. ಯಾವ ಶಾಸ್ತ್ರ ಎಂದು ಕೇಳಿದರೆ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡಿದರು. ವಾಲಗದಣ್ಣನನ್ನೇ ಕೇಳಬಹುದಿತ್ತು. ಕೇಳಿದರೆ ರುಚಿ ಕೆಡುತ್ತದೆ ಎಂದು ಯಾರೂ ಕೇಳಲಿಲ್ಲ. ಅವರು ಒಂದೆರಡು ಸಲ ಬಾಯಿ ತೆರೆದರು, ನಾವೆಲ್ಲ ಕಿವಿ ಮುಚ್ಚಿಕೊಂಡು ಕೂಗಿದೆವು.

ಕ್ಯಾಸೆಟ್ಟು ಬಂದ ಸಂಜೆ ಮೂರನೇ ಬೋಗಿಯಲ್ಲಿ ಎಳ್ಳು ಹಾಕಲೂ ಜಾಗವಿಲ್ಲ. ಅಣ್ಣ ತಮ್ಮ ಇಬ್ಬರೂ ಮೈಸೂರಿನ ಮದುವೆ ಮುಗಿಸಿ ಬಂದಿದ್ದರು. ಅಣ್ಣನವರನ್ನು ಟೇಪ್ ರೆಕಾರ್ಡರಿನ ಎದುರಿಗೇ ಕೂರಿಸಿದೆವು. ಗಾಡಿ ಅಲುಗಿತು, ಬ್ಯಾಂಕಿನಣ್ಣ ಹಾಳೆ ಹರಿದರು. ಮೊದಲ ಹಾಡು ಶುರುವಾದಾಗ ನನಗೆ ಕಾಲು ನಿಲ್ಲಲಿಲ್ಲ. ಎಂಥ ಹಾಡು! ಕಟ್ಟುಪಾಡು ಮುರಿದು ಕಿರುಚಬೇಕು ಅನ್ನಿಸಿತು, ದುಪ್ಪಟ್ಟ ಬಾಯಿಗೆ ತುರುಕಿಕೊಂಡೆ. ಮೇಷ್ಟ್ರ ಕಣ್ಣಲ್ಲಿ ನೀರು. ವಾಲಗ ಬರಲಿಲ್ಲ. ಎರಡನೆಯದಕ್ಕೂ ಬರಲಿಲ್ಲ. ನಾಗನಹಳ್ಳಿ ದಾಟಿತು. ನಾಲ್ಕು ಹಾಡು ಮುಗಿದು ಕ್ಯಾಸೆಟ್ಟಿನ ಒಂದು ಮಗ್ಗುಲು ತೀರುವ ಹೊತ್ತಿಗೆ ಶ್ರೀರಂಗಪಟ್ಟಣ ಬಂತು. ಅಣ್ಣ ತಮ್ಮ ಇಳಿಯಬೇಕಾದ ಜಾಗ.

"ಇನ್ನೊಂದು ಮಗ್ಲು ಅದೆ" ಎಂದೆ ನಾನು. ಅಣ್ಣನವರು ನನ್ನನ್ನು ನೋಡಿದರು, ಮತ್ತೆ ಕೂತರು. ಗಾಡಿ ಹೊರಟಿತು.

ಪಾಂಡವಪುರ ಬರುವವರೆಗೆ ಇನ್ನೂ ನಾಲ್ಕು ಹಾಡು. ಗಾಡಿ ಸಿಗ್ನಲ್ಲಿಗೆ ನಿಂತಿದ್ದರಿಂದ ಎಲ್ಲವೂ ಪೂರ್ತಿ ಆದವು. ಕೊಳಲು ಬಂತು, ವೀಣೆ ಬಂತು, ತಬಲ, ಗಿಟಾರು, ಒಂದು ಕಡೆ ಹುಂಜದ ಕೂಗೂ ಬಂತು. ನಾದಸ್ವರ ಮಾತ್ರ ಇಲ್ಲ. ಕೊನೆಯ ಹಾಡು ಮುಗಿದು ಟೇಪು ಟಕ್ಕೆಂದು ನಿಂತಾಗ ಬೋಗಿಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಷ್ಟು ಚಂದದ ಹಾಡುಗಳನ್ನು ಎರಡನೇ ಸಲ ಹಾಕು ಎಂದು ಒಬ್ಬರೂ ಹೇಳಲಿಲ್ಲ.

ಪ್ಲಾಟ್‌ಫಾರಂನಲ್ಲಿ ಇಳಿದ ಮೇಲೆ ಅಣ್ಣನವರು ಬೈಯಲಿಲ್ಲ. "ಪೆಟ್ಗೆ ಎತ್ಕಳ್ಲಾ, ಬಸ್ಸಿಗೆ ಒತ್ತಾಯ್ತು" ಅಂದರು, ಅಷ್ಟೇ. ವಾಲಗದಣ್ಣ ಪೆಟ್ಟಿಗೆ ಎತ್ತಿಕೊಂಡು ಅವರ ಹಿಂದೆ ಹೋದರು.

ಸುಳ್ಳೇಕೆ ಹೇಳಲಿ, ನನಗೆ ಅವರ ಮೇಲೆ ಮರುಕಕ್ಕಿಂತ ಮೊದಲು ಬಂದದ್ದು ಸಿಟ್ಟು. ನಮ್ಮನ್ನೆಲ್ಲ ಮಂಗ ಮಾಡಿದ ಮನುಷ್ಯ ಎಂದು ರಾತ್ರಿ ಊಟ ಬಿಟ್ಟೆ. "ಆ ಮದ್ರಾಸ್ನೋನ್ಗೆ ಏನಾಯ್ತಮ್ಮಿ?" ಎಂದು ಅವ್ವ ಬೇರೆ ಕೇಳಿದಳು. ಮರುದಿನ ಬೋಗಿಯಲ್ಲಿ ನಾನು ಬಾಯಿಗೆ ಬಂದಂತೆ ಮಾತಾಡುತ್ತಿದ್ದಾಗ ಮೇಷ್ಟ್ರು ತಾಳ ಹಾಕುವುದನ್ನು ನಿಲ್ಲಿಸಿ, "ಅವರು ಮದರಾಸಿನಲ್ಲಿ ಏನು ಊದಿದರು, ಹೇಗೆ ಊದಿದರು ಅಂತ ನಾವು ಒಬ್ಬರಾದರೂ ಕೇಳಿದ್ವೇನಮ್ಮಾ? ಬಿಸಿನೀರಿನ ವಿಚಾರ ಕೇಳಿದ್ವಿ" ಅಂದರು.

ವಾಲಗದಣ್ಣ ಬೇರೆ ಬೋಗಿಗೆ ಹತ್ತುತ್ತಿದ್ದರು. ನಾಲ್ಕು ದಿನ ಹುಡುಕಿ, ಐದನೇ ದಿನ ಕೊನೆಯ ಬೋಗಿಯಲ್ಲಿ ಹಿಡಿದೆವು. ಅಲ್ಲಿ ಏನು ನಡೆಯಿತು ಎಂದು ಮೊದಲ ಬಾರಿಗೆ ಕೇಳಿದೆವು.

"ದೊಡ್ ರೂಮು ಕಣವ್ವ. ಮುಂದ್ಗಡೆ ಬಿಳಿ ಪರದೆ. ಅದ್ರ ಮ್ಯಾಲೆ ಒಂದ್ ಮದ್ವೆ ಓಡ್ತಿತ್ತು, ಸದ್ದೇ ಇಲ್ಲ. ತಾಳಿ ಎತ್ತುದ್ ತಕ್ಷಣ ಗಟ್ಟಿಮೇಳ ಊದಿ, ಮೂರ್ ಗಂಟು ಬೀಳಗಂಟ ನಿಲ್ಲುಸ್ಬೇಡಿ ಅಂದ್ರು. ನೋಡ್ಕಂಡ್ ಊದ್ದೆ."

ಬ್ಯಾಂಕಿನಣ್ಣ ಹಣೆ ಚಚ್ಚಿಕೊಂಡರು. ನಾನೂ ಚಚ್ಚಿಕೊಂಡೆ. ಹಾಡಿಗೆ ಯಾರೂ ಪರದೆ ಕಟ್ಟುವುದಿಲ್ಲ. ಹಾಡು ಮೊದಲು ಆಗುತ್ತದೆ, ಚಿತ್ರ ತೆಗೆಯುವುದು ಆಮೇಲೆ. ಚಿತ್ರ ಓಡಿಸಿಕೊಂಡು ನುಡಿಸುವುದು ಹಿನ್ನೆಲೆ ಸಂಗೀತ, ಅದು ಕ್ಯಾಸೆಟ್ಟಿಗೆ ಬರುವುದೇ ಇಲ್ಲ, ಸಿನಿಮಾದಲ್ಲಿ ಮಾತ್ರ ಇರುತ್ತದೆ. ಇದು ನಮಗೆ ಗೊತ್ತಿಲ್ಲದ ಸಂಗತಿಯಲ್ಲ, ನಾವೇ ಊರಿಗೆಲ್ಲ ಹೇಳಿಕೊಡುತ್ತಿದ್ದ ಪಾಠ. ಕ್ಯಾಸೆಟ್ಟು ತಿಂದು ಕ್ಯಾಸೆಟ್ಟು ಕುಡಿದು ಬದುಕುತ್ತಿದ್ದ ನಮಗೆ ಅದರ ಹೊರಗೂ ನಮ್ಮೋರ ಸಂಗೀತ ಇರುತ್ತದೆ ಎಂಬುದೇ ಮರೆತಿತ್ತು. ನಾನು ಎದ್ದು ನಿಂತು, "ಅಣ್ಣ, ನನ್ ತಪ್ಪಾಯ್ತು" ಎಂದೆ. ಅವರು, "ನೀ ಏನ್ ಮಾಡ್ದೆ ಬುಡವ್ವ" ಅಂದರು. ಮತ್ತೆ ಮೂರನೇ ಬೋಗಿಗೆ ಎಳೆದು ತಂದೆವು.

ಸಿನಿಮಾ ಮೈಸೂರಿನಲ್ಲಿ ಬಿಡುಗಡೆಯಾದ ಶುಕ್ರವಾರ ನಾನು ಕ್ಲಾಸು, ಬ್ಯಾಂಕಿನಣ್ಣ ಬ್ಯಾಂಕು, ಮೇಷ್ಟ್ರು ಕಾಳಿದಾಸನನ್ನು ಬಿಟ್ಟು ಮ್ಯಾಟಿನಿಗೆ ನುಗ್ಗಿದೆವು. ಮೊದಲು ನಾವು ಕೇಳಿ ಖಚಿತ ಮಾಡಿಕೊಂಡು, ಆಮೇಲೆ ಅಣ್ಣನವರನ್ನು ಕರೆತರುವುದು ಎಂದು ಲೆಕ್ಕ. ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೆ ಛತ್ರ, ಚಪ್ಪರ, ಹಸೆಮಣೆ ಬಂತು. ನಾನು ಬ್ಯಾಂಕಿನಣ್ಣನ ತೋಳು ಹಿಂಡಿದೆ. ವರ ತಾಳಿ ಎತ್ತಿದ. ಆ ಕ್ಷಣಕ್ಕೆ ಬಾಗಿಲಲ್ಲಿ ಎರಡು ಕಾಲು ಕಾಣಿಸಿದವು. ಹೀರೋ. ಇಡೀ ಸಿನಿಮಾದಲ್ಲಿ ಅವನ ಮೊದಲ ದರ್ಶನ.

ಥಿಯೇಟರ್ ಸ್ಫೋಟವಾಯಿತು. ಶಿಳ್ಳೆ, ಚಪ್ಪಾಳೆ, ಚೂರು ಕಾಗದದ ಮಳೆ, ಪಕ್ಕದವನು ಕುರ್ಚಿಯ ಮೇಲೆ ನಿಂತಿದ್ದ. ಎಲ್ಲ ಅಡಗುವ ಹೊತ್ತಿಗೆ ತಾಳಿ ಕಟ್ಟಿ ಆಗಿಹೋಗಿತ್ತು, ಹೀರೋ ಭಾಷಣ ಶುರು ಮಾಡಿದ್ದ. ಇವರಿಗೆಲ್ಲ ಬುದ್ಧಿ ಇಲ್ಲವೇ ಎಂದು ಬೈಯಲು ಬಾಯಿ ತೆರೆಯುತ್ತೇನೆ, ಬಾಯೊಳಗೆ ನನ್ನವೇ ಎರಡು ಬೆರಳು. ನಾನೂ ಹೊಡೆಯುತ್ತಿದ್ದೆ. ನನಗೆ ಗೊತ್ತೇ ಆಗಿರಲಿಲ್ಲ.

"ವಾದ್ಯ ಶುರುವಾಗಿದ್ದು ಕೇಳಿಸ್ತು. ಆಮೇಲೆ ನೀನು ಕೇಳಿಸ್ದೆ" ಎಂದರು ಮೇಷ್ಟ್ರು.

ಹಾಗಾದರೆ ವಾಲಗ ಅಲ್ಲಿದೆ. ಆದರೆ ಯಾರಿಗೂ ಕೇಳದ ಜಾಗದಲ್ಲಿದೆ. ಮೈಸೂರಿನ ಥಿಯೇಟರಿನ ಬಾಯಿ ಮುಚ್ಚಿಸುವುದು ಬ್ರಹ್ಮನಿಂದಲೂ ಸಾಧ್ಯವಿಲ್ಲ. ಆದರೆ ಆರು ವಾರದ ಮೇಲೆ ಅದೇ ಸಿನಿಮಾ ಪಾಂಡವಪುರದ ಟಾಕೀಸಿಗೆ ಬಂತು. ಪಾಂಡವಪುರ ನನ್ನ ಊರು. ಆ ಹೀರೋನ ಅಭಿಮಾನಿ ಸಂಘದ ಅಧ್ಯಕ್ಷ ನಮ್ಮ ಗದ್ದೆಯಿಂದ ಫ್ಯಾಕ್ಟರಿಗೆ ಕಬ್ಬು ಸಾಗಿಸುವ ಟ್ರಾಕ್ಟರ್ ಡ್ರೈವರು. ಅವನನ್ನು ಗದ್ದೆಯ ಬದುವಿನ ಮೇಲೆ ನಿಲ್ಲಿಸಿ ಎಲ್ಲ ಕಥೆ ಹೇಳಿ, ಭಾನುವಾರದ ಮ್ಯಾಟಿನಿಯಲ್ಲಿ ಹೀರೋ ಬಂದಾಗ ಯಾರೂ ಶಿಳ್ಳೆ ಹೊಡೆಯಬಾರದು ಎಂದು ಕೇಳಿದೆ.

ಅವನು ನನ್ನನ್ನು ಹೆಂಗಸೆಂದು ಬಿಟ್ಟ, ಇಲ್ಲದಿದ್ದರೆ ಹೊಡೆಯುತ್ತಿದ್ದ. "ಏನಮ್ಮಿ ಅಂಗಂದ್ರೆ? ಎಂಟ್ರಿಗೇ ಸುಮ್ಕಿರದಾ? ನಮ್ ಹೀರೋ ಅಣ್ಣಂಗೆ ಅವಮಾನ ಆಯ್ತದೆ ಕಣಮ್ಮಿ."

"ನಿಮ್ ಮದ್ವೇಲಿ ವಾಲಗ ಊದಿದ್ ಯಾರು?" ಎಂದು ಕೇಳಿದೆ.

ಅವನು ಟ್ರಾಕ್ಟರಿನ ಮಡ್ಗಾರ್ಡು ಕೆರೆದ. ಇದೇ ಅಣ್ಣ ತಮ್ಮ. ಈ ಸೀಮೆಯಲ್ಲಿ ಯಾರ ಮದುವೆಗೆ ಊದಿಲ್ಲ ಅವರು. "ಒಂದ್ ಆಟ. ಒಂದೇ ಒಂದ್ ಆಟ ಬುಡ್ತೀವಿ. ಮೂರ್ ಗಂಟು ಬಿದ್ ತಕ್ಷಣ ಡಬಲ್ ಒಡೀತೀವಿ, ಆಗ ನೀ ಕೇಳಂಗಿಲ್ಲ" ಎಂದ.

ಅಣ್ಣನವರನ್ನು ಒಪ್ಪಿಸಲು ಮೂವರೂ ಶ್ರೀರಂಗಪಟ್ಟಣದ ಮನೆಗೆ ಹೋದೆವು. ನಾನು ಮಾತಾಡಿದ್ದೆಲ್ಲ ಗಾಳಿಗೆ ಹೋಯಿತು. ಒಂದು ಸಲ ಕೇಳಿಸ್ತೀನಿ ಅಂತ ಕರೆದು ಏನು ಕೇಳಿಸಿದಿ ಎಂಬಂತೆ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಮೇಷ್ಟ್ರು, "ನಾನು ಈ ಕಿವಿಯಿಂದ ಅರ್ಧ ಕೇಳಿದ್ದೀನಿ. ಇನ್ನರ್ಧ ನೀವು ಬಂದು ಕೇಳಿ ಹೇಳಬೇಕು" ಎಂದು ಕೈ ಮುಗಿದರು. "ಮೇಲುಕೋಟೆಯೋರು ಮನೆಗಂಟ ಬಂದವ್ರೆ. ಇಲ್ಲ ಅನ್ನದೆಂಗೆ" ಎಂದು ಅವರು ಎದ್ದು ಪಂಚೆ ಕೊಡವಿದರು.

ಆ ಭಾನುವಾರ ಟಾಕೀಸಿನಲ್ಲಿ ನಡೆದದ್ದನ್ನು ಹೇಳಿದರೆ ಈಗಿನವರು ನಂಬುವುದಿಲ್ಲ. ಅಧ್ಯಕ್ಷ ಪರದೆಯ ಮುಂದೆ ಟವಲ್ ಹೆಗಲಿಗೆ ಹಾಕಿಕೊಂಡು ನಿಂತು, ಹೀರೋ ಬಂದಾಗ ಕೆಮ್ಮಿದವರನ್ನೂ ಸಂಘದಿಂದ ತೆಗೆಯಲಾಗುವುದು ಎಂದು ಸಾರಿದ. ಮಕ್ಕಳ ಬಾಯಿಗೆ ತಾಯಂದಿರು ಬೆಲ್ಲ ಇಟ್ಟರು. ನಾನು ನನ್ನ ಎರಡು ಕೈಗಳ ಮೇಲೆ ಕೂತೆ. ಎಡಕ್ಕೆ ಅಣ್ಣನವರು, ಅವರ ಪಕ್ಕ ವಾಲಗದಣ್ಣ, ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಪರೀಕ್ಷೆಗೆ ಕೂತವರಂತೆ. ಛತ್ರ ಬಂತು. ಹಸೆಮಣೆ ಬಂತು. ವರ ತಾಳಿ ಎತ್ತಿದ, ಬಾಗಿಲಲ್ಲಿ ಆ ಎರಡು ಕಾಲು. ಇಡೀ ಟಾಕೀಸು ಉಸಿರು ಹಿಡಿಯಿತು. ಹೀರೋನ ಮುಖ ಪರದೆ ತುಂಬ ಬಂದು ನಿಂತರೂ ಒಂದು ಸೊಲ್ಲಿಲ್ಲ. ಗಟ್ಟಿಮೇಳ ಶುರುವಾಯಿತು. ಅಣ್ಣನವರ ಬೆರಳು ತೊಡೆಯ ಮೇಲೆ ಅಲುಗತೊಡಗಿದ್ದನ್ನು ನಾನು ಕಂಡೆ.

ಅಷ್ಟರಲ್ಲಿ ಪರದೆ ಕಪ್ಪಾಯಿತು.

ಹಿಂದಿನ ಗೋಡೆಯ ಕಿಂಡಿಯಲ್ಲಿ ಆಪರೇಟರು ತಲೆ ಹಾಕಿ, "ಯಾಕ್ರಪ್ಪ, ಸೌಂಡ್ ಓಗ್ಬುಟ್ಟದಾ?" ಎಂದು ಕೂಗಿದ. ಪಾಪ, ಅವನ ಕೋಣೆಯ ಸ್ಪೀಕರು ಕೆಟ್ಟು ಯಾವ ಕಾಲವಾಗಿತ್ತೋ. ಕೆಳಗಿನ ಗಲಾಟೆ ಕೇಳಿಯೇ ಅವನು ಆಟ ನಡೆಸುತ್ತಿದ್ದ. ಹೀರೋ ಬಂದಾಗ ಶಿಳ್ಳೆ ಬರಲಿಲ್ಲ ಎಂದರೆ ಯಂತ್ರವೇ ಸುಟ್ಟಿರಬೇಕು ಎಂದುಕೊಂಡು ನಿಲ್ಲಿಸಿಬಿಟ್ಟಿದ್ದ.

ತಡೆದಿಟ್ಟಿದ್ದ ಕೂಗೆಲ್ಲ ಬೈಗುಳವಾಗಿ ಅವನ ಪಾಲಾಯಿತು. "ಸೌಂಡ್ ಸರ್ಯಾಗೇ ಅದೆ ಕಣಯ್ಯ, ನಿನ್ ತಲೇನೇ ಸರ್ಯಾಗಿಲ್ಲ. ಸುತ್ತಿ ಮೊದ್ಲಿಂದ ಆಕು" ಎಂದು ಅಧ್ಯಕ್ಷ ಕುರ್ಚಿಯ ಮೇಲೆ ಹತ್ತಿ ಆಜ್ಞೆ ಮಾಡಿದ. ಆಪರೇಟರು ಆ ರೀಲು ಬಿಚ್ಚಿ ಕೈಯಲ್ಲಿ ಸುತ್ತುವಷ್ಟು ಹೊತ್ತು ನಾವು ಕತ್ತಲಲ್ಲಿ ಕೂತಿದ್ದೆವು. ನನಗೆ ಒಳಗೊಳಗೇ ನಗು ಉಕ್ಕುತ್ತಿತ್ತು. ಪಕ್ಕಕ್ಕೆ ನೋಡಿದರೆ ವಾಲಗದಣ್ಣ ಹಿಂದಕ್ಕೆ ತಿರುಗಿ ಆ ಕಿಂಡಿಯನ್ನೇ ನೋಡುತ್ತಿದ್ದರು, ನಗು ನಿಂತುಹೋಯಿತು.

ಎರಡನೇ ಸಲ ಛತ್ರ, ಹಸೆಮಣೆ, ತಾಳಿ, ಕಾಲು, ಮುಖ. ಈ ಸಲ ಮೌನ ಮೊದಲಿಗಿಂತ ಗಟ್ಟಿ. ನಾದಸ್ವರ ಏರಿತು. ಮೊದಲ ಗಂಟು ಬಿತ್ತು. ಎರಡನೆಯದು ಬಿತ್ತು. ನಾದ ಎಲ್ಲೂ ತುಂಡಾಗಲಿಲ್ಲ. ಒಬ್ಬರೇ ಊದಿದ್ದು, ಆದರೂ ಎಲ್ಲೂ ತುಂಡಾಗಲಿಲ್ಲ. ಮೂರನೇ ಗಂಟಿಗೆ ಅದು ಒಂದು ಸುತ್ತು ಸುತ್ತಿ ಮೇಲಕ್ಕೆ ಹೋಗಿ, ಅಲ್ಲೇ ಒಂದಿಷ್ಟು ನಿಂತು, ಮೆಲ್ಲಗೆ ಇಳಿಯಿತು. ಇಂಥದ್ದನ್ನು ನಾನು ನೂರು ಮದುವೆಗಳಲ್ಲಿ ಊಟದ ಸಾಲಿನ ಮೇಲೆ ಕಣ್ಣಿಟ್ಟುಕೊಂಡು ಕೇಳಿದ್ದೆ. ಕೇಳಿಯೇ ಇರಲಿಲ್ಲ ಎಂದು ಅವತ್ತು ಗೊತ್ತಾಯಿತು. ನನಗೆ ಅಳು ಬಂತು, ಸಂತೋಷಕ್ಕೆ. ನಮ್ಮೋರ ಎಂಟು ಹಾಡುಗಳಲ್ಲಿ ಯಾವುದೂ ನನ್ನನ್ನು ಹಾಗೆ ಅಳಿಸಿರಲಿಲ್ಲ.

ಆಮೇಲೆ ಸಂಘದವರು ಕೊಟ್ಟ ಮಾತಿನಂತೆ ಡಬಲ್ ಶುರು ಮಾಡಿದರು. ಸೀಟು ಮುರಿಯುವ ಆ ಗಲಾಟೆಯ ನಡುವೆ ಅಣ್ಣನವರು ತಮ್ಮನ ಕಡೆ ಬಾಗಿದರು. ಪಕ್ಕದಲ್ಲೇ ಇದ್ದ ನನಗೆ ಕೇಳುವಷ್ಟು ಜೋರಾಗಿಯೇ ಮಾತಾಡಬೇಕಾಯಿತು.

"ಮೂರ್ನೆ ಗಂಟ್ಗೆ ಅಪ್ಪನ್ ತರನೇ ಎಳ್ದಿದ್ದೀಯಲ್ಲಲಾ."

ತಮ್ಮ ತಲೆಯಾಡಿಸಿದರು.

"ನಾಳಿದ್ದು ನಾಗಮಂಗ್ಲುದಲ್ಲಿ ಮದ್ವೆ. ಅಟ್ಟುದ್ ಮ್ಯಾಲಿಂದ ವಾದ್ಯ ಇಳುಸ್ಕೊ."

ವಾಲಗದಣ್ಣ ಪರದೆಯನ್ನು ನೋಡಲಿಲ್ಲ, ನಮ್ಮನ್ನೂ ನೋಡಲಿಲ್ಲ. ಅಣ್ಣನ ಮುಖವನ್ನೇ ನೋಡುತ್ತ ಕೇಳಿದರು:

"ಮೂರ್ತ ಎಷ್ಟೊತ್ಗಣ್ಣ?"

"ಒಂಬತ್ತೂಕಾಲ್ಗೆ."

"ಬೆಳಕರಿಯೋ ಒತ್ಗೇ ಓಗಿ ಕೂತಿರ್ತೀನಿ."